ಥ್ಯಾಡಿಯಸ್ ಸ್ಟೀವನ್ಸ್

ಥ್ಯಾಡಿಯಸ್ ಸ್ಟೀವನ್ಸ್ (ಏಪ್ರಿಲ್ ೪, ೧೭೯೨ – ಆಗಸ್ಟ್ ೧೧, ೧೮೬೮) ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ವಕೀಲರು, ಶಾಸಕರು ಹಾಗೂ ರಾಜಕೀಯ ಮುಖಂಡರು. ಗೆಟ್ಟಿಸ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದ ಅವರು ರಾಜ್ಯ ಶಾಸನಸಭೆಯ ಸದಸ್ಯರಾಗಿ ಉಚಿತ ಸಾರ್ವಜನಿಕ ಶಾಲೆಗಳ ಕಾಯಿದೆಯನ್ನು ರದ್ದಾಗದಂತೆ ಉಳಿಸಿದರು. ಮುಂದೆ ರಾಷ್ಟ್ರದ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ, ಅಂತರ್ಯುದ್ಧದ ಕಾಲದಲ್ಲಿಯೂ ಅನಂತರದ ಪುನರ್ನಿರ್ಮಾಣದ ಕಾಲದಲ್ಲಿಯೂ ಆ ಸಭೆಯ ಅತ್ಯಂತ ಪ್ರಭಾವಶಾಲಿ ಸದಸ್ಯರಲ್ಲಿ ಒಬ್ಬರಾದರು. ಗುಲಾಮಗಿರಿಯ ನಿರ್ಮೂಲನೆ ಮತ್ತು ಕಾನೂನಿನ ಮುಂದೆ ಎಲ್ಲರ ಸಮಾನತೆ ಅವರ ರಾಜಕೀಯ ಜೀವನದ ಮುಖ್ಯ ಗುರಿಗಳಾಗಿದ್ದವು.

ಆದರೆ ಸ್ಟೀವನ್ಸ್ ಮೊದಲಿನಿಂದಲೇ ಗುಲಾಮಗಿರಿಯ ವಿರುದ್ಧ ನಿಂತವರಲ್ಲ. ವೃತ್ತಿಯ ಆರಂಭದಲ್ಲಿ ಒಬ್ಬ ಗುಲಾಮರ ಒಡೆಯನ ಪರವಾಗಿ ವಾದಿಸಿ ಗೆದ್ದು, ಸ್ವಾತಂತ್ರ್ಯವನ್ನು ಬೇಡಿದ ಮಹಿಳೆಯೊಬ್ಬಳು ಮತ್ತೆ ಗುಲಾಮಗಿರಿಗೆ ಮರಳುವುದಕ್ಕೆ ಅವರೇ ಕಾರಣರಾಗಿದ್ದರು. ಆ ಮೊಕದ್ದಮೆಯಿಂದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯವರೆಗೆ ಅವರು ನಡೆದುಬಂದ ದಾರಿ ಅಮೆರಿಕದ ಹತ್ತೊಂಬತ್ತನೆಯ ಶತಮಾನದ ಇತಿಹಾಸದಲ್ಲಿ ವಿಶೇಷವಾಗಿ ಗಮನಿಸತಕ್ಕದ್ದಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಟೀವನ್ಸ್ ಈಶಾನ್ಯ ಅಮೆರಿಕದ ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ನಾಲ್ವರು ಗಂಡುಮಕ್ಕಳಲ್ಲಿ ಅವರು ಎರಡನೆಯವರು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಭಾಗವಹಿಸಿದ್ದ ಪೋಲೆಂಡಿನ ಸೇನಾನಿ ಥ್ಯಾಡಿಯಸ್ ಕೊಸ್ಚ್ಯುಷ್ಕೊ ಅವರ ಹೆಸರನ್ನೇ ಮಗುವಿಗೆ ಇಡಲಾಯಿತು. ತಂದೆ ಜೋಶುವಾ ಸ್ಟೀವನ್ಸ್ ಬೇಸಾಯದೊಂದಿಗೆ ಪಾದರಕ್ಷೆ ಹೊಲಿಯುವ ಕೆಲಸವನ್ನೂ ಮಾಡುತ್ತಿದ್ದರು. ತಾಯಿ ಸಾರಾ ಮಾರಿಲ್. ಥ್ಯಾಡಿಯಸರ ಒಂದು ಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಚಿಕೊಂಡಿತ್ತು. ಅವರ ಅಣ್ಣನಿಗೆ ಎರಡು ಪಾದಗಳೂ ಹಾಗೆಯೇ ಇದ್ದವು. ಇಂತಹ ಅಂಗವೈಕಲ್ಯವನ್ನು ತಂದೆತಾಯಿಯರ ಗುಪ್ತ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ನಂಬುವವರು ಆ ಕಾಲದಲ್ಲಿ ಅನೇಕರಿದ್ದರು. ಜೀವನಪರ್ಯಂತ ಸ್ಟೀವನ್ಸ್ ಕುಂಟುತ್ತಲೇ ನಡೆಯಬೇಕಾಯಿತು.

ಮಕ್ಕಳು ಇನ್ನೂ ಚಿಕ್ಕವರಾಗಿದ್ದಾಗಲೇ ತಂದೆ ಸಂಸಾರವನ್ನು ತೊರೆದು ಹೋದರು. ನಾಲ್ವರು ಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಓಡಾಡಿ ದುಡಿಯಲಾರದ ಮಗನಿಗೆ ವಿದ್ಯೆಯೊಂದೇ ಆಸರೆಯೆಂದು ಬಗೆದ ಆಕೆ, ಕ್ಯಾಲೆಡೋನಿಯಾ ಕೌಂಟಿಯ ಪ್ರೌಢಶಾಲೆಯಿದ್ದ ಪೀಚಮ್ ಎಂಬ ಊರಿಗೆ ಮಕ್ಕಳೊಡನೆ ಬಂದು ನೆಲೆಸಿದರು. ತಾಯಿಯ ಈ ತ್ಯಾಗವನ್ನು ಸ್ಟೀವನ್ಸ್ ಎಂದೂ ಮರೆಯಲಿಲ್ಲ. ಮುಂದೆ ಸಂಪಾದನೆ ಬಂದಾಗ ಅವರು ತಾಯಿಗೆ ಜಮೀನು ಮತ್ತು ಹಸುಗಳನ್ನು ಕೊಂಡುಕೊಟ್ಟರು.

ಪೀಚಮಿನ ಶಾಲೆಯ ಬಳಿಕ ಅವರು ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿಯೂ ಡಾರ್ಟ್‌ಮತ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ೧೮೧೪ರಲ್ಲಿ ಡಾರ್ಟ್‌ಮತ್‌ನಿಂದ ಪದವಿ ಪಡೆದರು. ೧೮೧೫ರಲ್ಲಿ ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣಕ್ಕೆ ಬಂದು ಅಲ್ಲಿನ ಶಾಲೆಯಲ್ಲಿ ಅಧ್ಯಾಪಕರಾದರು. ಹಗಲು ಮಕ್ಕಳಿಗೆ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಸ್ಥಳೀಯ ವಕೀಲರೊಬ್ಬರ ಮಾರ್ಗದರ್ಶನದಲ್ಲಿ ಕಾನೂನನ್ನು ಅಭ್ಯಾಸ ಮಾಡಿದರು. ಬೇರೆ ವೃತ್ತಿಯಲ್ಲಿ ಇದ್ದುಕೊಂಡೇ ಕಾನೂನು ಕಲಿತವರಿಗೆ ಸನದು ಕೊಡಬಾರದೆಂದು ಅಲ್ಲಿನ ವಕೀಲರು ನಿರ್ಣಯ ಮಾಡಿದಾಗ, ಸ್ಟೀವನ್ಸ್ ಗಡಿಯನ್ನು ದಾಟಿ ನೆರೆಯ ಮೇರಿಲ್ಯಾಂಡ್ ರಾಜ್ಯದ ಬೆಲ್ ಏರ್ ಎಂಬಲ್ಲಿ ಪರೀಕ್ಷೆಗೆ ಕುಳಿತು ೧೮೧೬ರಲ್ಲಿ ಸನದು ಪಡೆದುಬಂದರು.

ಗೆಟ್ಟಿಸ್‌ಬರ್ಗಿನಲ್ಲಿ ವಕೀಲಿ ವೃತ್ತಿ

೧೮೧೬ರಲ್ಲಿಯೇ ಸ್ಟೀವನ್ಸ್ ಆಡಮ್ಸ್ ಕೌಂಟಿಯ ಆಡಳಿತ ಕೇಂದ್ರವಾದ ಗೆಟ್ಟಿಸ್‌ಬರ್ಗಿನಲ್ಲಿ ಕಚೇರಿ ತೆರೆದರು. ಅಂತರ್ಯುದ್ಧದ ಮಹಾಕದನದಿಂದ ಮುಂದೆ ಜಗತ್ಪ್ರಸಿದ್ಧವಾದ ಈ ಊರು ಆಗ ಗೆಟ್ಟಿಸ್‌ಬರ್ಗಿನ ಸುತ್ತಲಿನ ರೈತರು ಸಂತೆಗೂ ಕೋರ್ಟಿಗೂ ಬಂದುಹೋಗುವ ಸಾಧಾರಣ ಪಟ್ಟಣವಾಗಿತ್ತು. ಪರಿಚಿತರಿಲ್ಲದ ಯುವ ವಕೀಲನ ಬಳಿಗೆ ಮೊದಮೊದಲು ಕಕ್ಷಿದಾರರು ಬರಲಿಲ್ಲ.

೧೮೧೭ರ ಕೊಲೆ ಮೊಕದ್ದಮೆಯೊಂದು ಅವರ ಹೆಸರನ್ನು ಹರಡಿತು. ಬೇರೆ ವಕೀಲರು ಮುಂದೆ ಬರದಿದ್ದಾಗ ಸ್ಟೀವನ್ಸ್ ಆರೋಪಿಯ ಪರವಾಗಿ ನಿಂತು, ಅವನಿಗೆ ಬುದ್ಧಿಭ್ರಮಣೆಯಾಗಿತ್ತೆಂದು ವಾದಿಸಿದರು. ಅಂದಿನ ನ್ಯಾಯಾಲಯಗಳಲ್ಲಿ ಇಂತಹ ವಾದ ಅಪರೂಪವಾಗಿತ್ತು. ಆರೋಪಿಗೆ ಗಲ್ಲುಶಿಕ್ಷೆಯಾಯಿತು. ಮೊಕದ್ದಮೆ ಸೋತರೂ ವಕೀಲರ ಸಾಮರ್ಥ್ಯ ಜನರ ಗಮನಕ್ಕೆ ಬಂದಿತು. ಕೆಲವೇ ವರ್ಷಗಳಲ್ಲಿ ಅವರು ಕೌಂಟಿಯ ಪ್ರಮುಖ ವಕೀಲರೆನಿಸಿದರು. ಸಾಕ್ಷಿಗಳ ಪಾಟೀಸವಾಲಿನಲ್ಲಿ ಅವರಿಗಿದ್ದ ನೈಪುಣ್ಯ, ಚುಚ್ಚುಮಾತು ಮತ್ತು ಒಣ ಹಾಸ್ಯ ಎದುರಾಳಿಗಳಲ್ಲಿ ಭಯ ಹುಟ್ಟಿಸುತ್ತಿದ್ದವು. ಕಾಯಿಲೆಯೊಂದರಲ್ಲಿ ತಲೆಗೂದಲೆಲ್ಲ ಉದುರಿದ ಮೇಲೆ ಅವರು ಧರಿಸತೊಡಗಿದ, ತಲೆಗೆ ಸರಿಯಾಗಿ ಕೂರದ ಟೋಪನ್ ಸಹ ಅವರ ಗುರುತುಗಳಲ್ಲಿ ಒಂದಾಯಿತು.

ಚಾರಿಟಿ ಬಟ್ಲರ್ ಮೊಕದ್ದಮೆ

ಗೆಟ್ಟಿಸ್‌ಬರ್ಗ್ ಮೇರಿಲ್ಯಾಂಡಿನ ಗಡಿಯಿಂದ ಕೆಲವೇ ಮೈಲುಗಳ ದೂರದಲ್ಲಿದೆ. ಗಡಿಯ ದಕ್ಷಿಣಕ್ಕೆ ಗುಲಾಮಗಿರಿ ಕಾನೂನುಬದ್ಧವಾಗಿದ್ದಿತು. ಉತ್ತರದ ಪೆನ್ಸಿಲ್ವೇನಿಯಾ ೧೭೮೦ರಲ್ಲಿಯೇ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾಯಿದೆಯನ್ನು ಮಾಡಿಕೊಂಡಿತ್ತು. ಹೊರರಾಜ್ಯದ ಒಡೆಯನು ತನ್ನ ಗುಲಾಮನನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಪೆನ್ಸಿಲ್ವೇನಿಯಾದಲ್ಲಿ ಇರಿಸಿದರೆ ಆ ಗುಲಾಮನು ಸ್ವತಂತ್ರನಾಗುತ್ತಾನೆ ಎಂಬುದು ಆ ಕಾಯಿದೆಯ ಒಂದು ನಿಯಮ. ಈ ಕಾರಣದಿಂದ ಗಡಿಭಾಗದ ನ್ಯಾಯಾಲಯಗಳಿಗೆ ಗುಲಾಮರ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ವ್ಯಾಜ್ಯಗಳು ಆಗಾಗ ಬರುತ್ತಿದ್ದವು.

ಚಾರಿಟಿ ಬಟ್ಲರ್ ಎಂಬ ಮಹಿಳೆ ಈ ನಿಯಮವನ್ನು ಆಧರಿಸಿ ತನಗೂ ತನ್ನ ಮಕ್ಕಳಿಗೂ ಸ್ವಾತಂತ್ರ್ಯ ಬೇಕೆಂದು ನ್ಯಾಯಾಲಯವನ್ನು ಆಶ್ರಯಿಸಿದಳು. ತಾನು ಸೇವೆ ಮಾಡುತ್ತಿದ್ದ ಕುಟುಂಬದವರೊಡನೆ ಆಕೆ ಹಲವು ಬಾರಿ ಪೆನ್ಸಿಲ್ವೇನಿಯಾಕ್ಕೆ ಬಂದು ತಂಗಿದ್ದಳು. ಆ ದಿನಗಳನ್ನೆಲ್ಲ ಕೂಡಿಸಿದರೆ ಆರು ತಿಂಗಳು ಮೀರುತ್ತದೆ ಎಂಬುದು ಆಕೆಯ ಪಕ್ಷದ ವಾದವಾಗಿತ್ತು. ಮೇರಿಲ್ಯಾಂಡಿನ ಒಡೆಯನ ಪರವಾಗಿ ನಿಂತ ಸ್ಟೀವನ್ಸ್, ಕಾಯಿದೆಯಲ್ಲಿ ಹೇಳಿರುವ ಆರು ತಿಂಗಳು ಎಡೆಬಿಡದ ವಾಸವಾಗಿರಬೇಕು, ಬಿಡಿಬಿಡಿಯಾದ ಭೇಟಿಗಳನ್ನು ಕೂಡಿಸಲಾಗದು ಎಂದು ವಾದಿಸಿದರು. ೧೮೨೧ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಿತು. ತಾಯಿ ಮತ್ತು ಮಕ್ಕಳು ಗುಲಾಮರಾಗಿಯೇ ಉಳಿದರು.

ಈ ಗೆಲುವಿನ ನಂತರ ಸ್ಟೀವನ್ಸರ ನಿಲುವು ಬದಲಾಯಿತು. ೧೮೨೩ರ ಸ್ವಾತಂತ್ರ್ಯ ದಿನಾಚರಣೆಯ ಔತಣದಲ್ಲಿ ಅವರು, ಯಾವ ಮನುಷ್ಯನಿಗೂ ಸಂಕೋಲೆ ತೊಡಿಸದ ವ್ಯಕ್ತಿಯೇ ದೇಶದ ಮುಂದಿನ ಅಧ್ಯಕ್ಷರಾಗಲಿ ಎಂದು ಬಹಿರಂಗವಾಗಿ ಹಾರೈಸಿದರು. ಅಲ್ಲಿಂದ ಮುಂದೆ ಓಡಿಬಂದ ಗುಲಾಮರ ಪರವಾಗಿ ನ್ಯಾಯಾಲಯದಲ್ಲಿ ವಾದಿಸುವ ವಕೀಲರೆಂದು ಅವರು ಹೆಸರಾದರು. ಈ ಬದಲಾವಣೆಗೆ ಬಟ್ಲರ್ ಮೊಕದ್ದಮೆಯ ಪಶ್ಚಾತ್ತಾಪವೇ ಕಾರಣವೆಂದು ಹಲವು ಚರಿತ್ರಕಾರರು ಅಭಿಪ್ರಾಯಪಟ್ಟಿದ್ದಾರೆ.

ಉದ್ಯಮ ಮತ್ತು ಸ್ಥಳೀಯ ರಾಜಕೀಯ

೧೮೨೨ರಿಂದ ೧೮೩೧ರವರೆಗೆ ಸ್ಟೀವನ್ಸ್ ಗೆಟ್ಟಿಸ್‌ಬರ್ಗಿನ ಪುರಸಭೆಯಲ್ಲಿ ಸೇವೆ ಸಲ್ಲಿಸಿದರು. ವಕೀಲಿಯ ಸಂಪಾದನೆಯನ್ನು ಜಮೀನು ಮತ್ತು ಕಬ್ಬಿಣದ ಉದ್ಯಮದಲ್ಲಿ ತೊಡಗಿಸಿದರು. ಅವರು ಪಾಲುದಾರರೊಡನೆ ಕಟ್ಟಿದ ಕಬ್ಬಿಣದ ಕುಲುಮೆಗಳಲ್ಲಿ ಒಂದಕ್ಕೆ, ತಾವು ಹುಟ್ಟಿಬೆಳೆದ ಕೌಂಟಿಯ ನೆನಪಿಗಾಗಿ ಕ್ಯಾಲೆಡೋನಿಯಾ ಎಂದು ಹೆಸರಿಟ್ಟರು. ಈ ಉದ್ಯಮ ಹಲವರಿಗೆ ಕೆಲಸ ಕೊಟ್ಟಿತಾದರೂ ಒಡೆಯನಿಗೆ ಲಾಭ ತರಲಿಲ್ಲ. ಅದರ ಸಾಲದ ಹೊರೆಯನ್ನು ಅವರು ದೀರ್ಘಕಾಲ ಹೊರಬೇಕಾಯಿತು.

೧೮೨೬ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಫ್ರೀಮೇಸನ್ ಸಂಘದ ರಹಸ್ಯಗಳನ್ನು ಪ್ರಕಟಿಸಲು ಹೊರಟಿದ್ದ ವಿಲಿಯಮ್ ಮಾರ್ಗನ್ ಎಂಬುವವನು ಕಣ್ಮರೆಯಾದನು. ಸಂಘದವರೇ ಅವನನ್ನು ಕೊಂದರೆಂಬ ಅನುಮಾನದಿಂದ ಹುಟ್ಟಿದ ಆಕ್ರೋಶ ಫ್ರೀಮೇಸನ್ ವಿರೋಧಿ ಪಕ್ಷದ ರೂಪ ತಳೆಯಿತು. ಸಾಮಾನ್ಯ ಜನರಿಗೆ ಪ್ರವೇಶವಿಲ್ಲದ, ಗುಟ್ಟಿನ ಪ್ರತಿಜ್ಞೆಗಳಿಂದ ಬಂಧಿತವಾದ ಸಂಘವೊಂದು ಆಡಳಿತವನ್ನೂ ನ್ಯಾಯಾಲಯಗಳನ್ನೂ ತನ್ನ ಹಿಡಿತದಲ್ಲಿಟ್ಟುಕೊಂಡಿದೆ ಎಂಬುದು ಈ ಪಕ್ಷದ ದೂರು. ಸ್ಟೀವನ್ಸ್ ಉತ್ಸಾಹದಿಂದ ಈ ಪಕ್ಷವನ್ನು ಸೇರಿದರು. ೧೮೩೩ರಲ್ಲಿ ಅದರ ಅಭ್ಯರ್ಥಿಯಾಗಿ ಪೆನ್ಸಿಲ್ವೇನಿಯಾದ ಪ್ರತಿನಿಧಿ ಸಭೆಗೆ ಆಯ್ಕೆಯಾಗಿ ರಾಜಧಾನಿ ಹ್ಯಾರಿಸ್‌ಬರ್ಗಿಗೆ ಹೋದರು. ಗೆಟ್ಟಿಸ್‌ಬರ್ಗಿನಲ್ಲಿ ಆಗತಾನೆ ಸ್ಥಾಪಿತವಾಗಿದ್ದ ಕಾಲೇಜಿಗೆ ರಾಜ್ಯದ ಅನುದಾನ ದೊರಕಿಸಿಕೊಟ್ಟದ್ದು ಶಾಸಕರಾಗಿ ಅವರ ಮೊದಲ ಸಾಧನೆಗಳಲ್ಲಿ ಒಂದು.

ಉಚಿತ ಶಾಲೆಗಳ ಕಾಯಿದೆ

ಪೆನ್ಸಿಲ್ವೇನಿಯಾದಲ್ಲಿ ೧೮೦೯ರ ಕಾಯಿದೆಯ ಪ್ರಕಾರ ಬಡವರ ಮಕ್ಕಳಿಗೆ ಸರ್ಕಾರದ ವೆಚ್ಚದಲ್ಲಿ ಶಿಕ್ಷಣ ದೊರೆಯುತ್ತಿತ್ತು. ಆದರೆ ಅದನ್ನು ಪಡೆಯಲು ತಂದೆತಾಯಿಯರು ತಮ್ಮನ್ನು ನಿರ್ಗತಿಕರ ಪಟ್ಟಿಯಲ್ಲಿ ಸೇರಿಸಬೇಕಾಗಿತ್ತು. ಆತ್ಮಗೌರವವುಳ್ಳ ಬಡವರು ಈ ಅವಮಾನಕ್ಕೆ ಒಪ್ಪದೆ ಮಕ್ಕಳನ್ನು ಶಾಲೆಯಿಂದಲೇ ದೂರವಿಡುತ್ತಿದ್ದರು. ೧೮೩೪ರಲ್ಲಿ ರಾಜ್ಯಪಾಲ ಜಾರ್ಜ್ ವುಲ್ಫ್ ಅವರ ಕಾಲದಲ್ಲಿ ಹೊಸ ಕಾಯಿದೆ ಬಂದಿತು. ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲ ಮಕ್ಕಳೂ ಸೇರಬಹುದಾದ, ತೆರಿಗೆಯ ಹಣದಿಂದ ನಡೆಯುವ ಶಾಲೆಗಳಿಗೆ ಇದು ಅವಕಾಶ ಮಾಡಿಕೊಟ್ಟಿತು.

ಹೊಸ ತೆರಿಗೆಯ ವಿರುದ್ಧ ರಾಜ್ಯದಾದ್ಯಂತ ಪ್ರತಿಭಟನೆ ಎದ್ದಿತು. ಮಕ್ಕಳಿಲ್ಲದ ಜಮೀನುದಾರರು ಪರರ ಮಕ್ಕಳಿಗಾಗಿ ತಾವೇಕೆ ಹಣ ತೆರಬೇಕೆಂದು ಕೇಳಿದರು. ತಮ್ಮದೇ ಚರ್ಚ್ ಶಾಲೆಗಳನ್ನು ನಡೆಸುತ್ತಿದ್ದ ಜರ್ಮನ್ ಭಾಷಿಕರಲ್ಲಿ, ಸರ್ಕಾರಿ ಶಾಲೆಗಳಿಂದ ತಮ್ಮ ಭಾಷೆಗೂ ಧರ್ಮಕ್ಕೂ ಧಕ್ಕೆಯಾದೀತೆಂಬ ಭಯ ಮೂಡಿತು. ಕಾಯಿದೆಯನ್ನು ಬೆಂಬಲಿಸಿದ ಶಾಸಕರಲ್ಲಿ ಹಲವರು ಮುಂದಿನ ಚುನಾವಣೆಯಲ್ಲಿ ಸೋತರು. ೧೮೩೫ರಲ್ಲಿ ರಾಜ್ಯದ ಸೆನೆಟ್ ಕಾಯಿದೆಯನ್ನು ರದ್ದುಪಡಿಸುವ ಮಸೂದೆಯನ್ನು ಅಂಗೀಕರಿಸಿ ಪ್ರತಿನಿಧಿ ಸಭೆಗೆ ಕಳುಹಿಸಿತು. ಅಲ್ಲಿಯೂ ಅದು ಸುಲಭವಾಗಿ ಅಂಗೀಕಾರವಾಗುವುದೆಂದು ಎಲ್ಲರೂ ಎಣಿಸಿದ್ದರು. ಸ್ಟೀವನ್ಸರ ಸ್ವಂತ ಕ್ಷೇತ್ರದಿಂದಲೂ ರದ್ದತಿಯನ್ನು ಕೋರುವ ಅರ್ಜಿಗಳು ಬಂದಿದ್ದವು.

೧೮೩೫ರ ಏಪ್ರಿಲ್ ೧೧ರಂದು ಸ್ಟೀವನ್ಸ್ ಈ ಮಸೂದೆಯನ್ನು ವಿರೋಧಿಸಿ ಮಾತನಾಡಿದರು. ತನ್ನ ಮೇಲೆ ಎಂದೂ ಅಪರಾಧದ ಆರೋಪ ಬಾರದಿದ್ದರೂ ಸೆರೆಮನೆ ಮತ್ತು ನ್ಯಾಯಾಲಯಗಳ ಖರ್ಚಿಗೆ ಪ್ರಜೆಯು ತೆರಿಗೆ ಕೊಡುತ್ತಾನೆ. ಹಾಗಿರುವಾಗ ಅಪರಾಧವನ್ನೇ ತಗ್ಗಿಸುವ ಶಾಲೆಗೆ ಕೊಡಲು ಹಿಂಜರಿಯುವುದೇಕೆ ಎಂದು ಅವರು ಪ್ರಶ್ನಿಸಿದರು. ಹಳೆಯ ಪದ್ಧತಿಯು ಬಡ ಮಕ್ಕಳ ಮೈಮೇಲೆ ಮುದ್ರೆಯೊತ್ತಿ ಅವರನ್ನು ಬೇರ್ಪಡಿಸುತ್ತದೆಯೆಂದು ಖಂಡಿಸಿದರು. ಪ್ರಜೆಗಳೇ ಆಳುವ ಗಣರಾಜ್ಯ ಉಳಿಯಬೇಕಾದರೆ ಪ್ರತಿಯೊಬ್ಬ ಮತದಾರನೂ ವಿದ್ಯಾವಂತನಾಗಬೇಕೆಂದು ಪ್ರತಿಪಾದಿಸಿದರು. ಜನರ ಅಸಮಾಧಾನಕ್ಕೆ ಅಂಜಿ ಮತ ನೀಡುವುದು ಪ್ರತಿನಿಧಿಗೆ ತಕ್ಕುದಲ್ಲವೆಂದು ಸಹಸದಸ್ಯರನ್ನು ಎಚ್ಚರಿಸಿದರು. ಈ ವಿಷಯದಲ್ಲಿ ತಮ್ಮ ರಾಜಕೀಯ ವಿರೋಧಿಯೂ ಫ್ರೀಮೇಸನ್ ಸಂಘದ ಸದಸ್ಯರೂ ಆಗಿದ್ದ ರಾಜ್ಯಪಾಲ ವುಲ್ಫ್ ಅವರ ಪಕ್ಕದಲ್ಲಿ ನಿಲ್ಲಲು ತಮಗೆ ಸಂಕೋಚವಿಲ್ಲವೆಂದೂ ಸಾರಿದರು.

ಭಾಷಣದ ಪರಿಣಾಮವಾಗಿ ಹಲವು ಸದಸ್ಯರು ನಿಲುವು ಬದಲಿಸಿದರು. ರದ್ದತಿಯ ಪ್ರಯತ್ನ ಸೋತಿತು. ೧೮೩೬ರಲ್ಲಿ ಕಾಯಿದೆಯನ್ನು ಇನ್ನಷ್ಟು ಬಲಪಡಿಸಲಾಯಿತು. ಮುದ್ರಿತವಾದ ಆ ಭಾಷಣ ರಾಜ್ಯದಾದ್ಯಂತ ಪ್ರಚಾರ ಪಡೆಯಿತು. ರಾಷ್ಟ್ರಮಟ್ಟದ ಕೀರ್ತಿ ಬಂದ ಮೇಲೂ ಸ್ಟೀವನ್ಸ್ ತಮ್ಮ ಜೀವಮಾನದ ಅತ್ಯುತ್ತಮ ಕಾರ್ಯವೆಂದು ಭಾವಿಸಿದ್ದು ಇದನ್ನೇ.

ಶಾಸಕ ಜೀವನದ ಏಳುಬೀಳುಗಳು

ಶಾಸಕರಾಗಿ ಸ್ಟೀವನ್ಸರ ನಡೆಯೆಲ್ಲವೂ ಇದೇ ಮಟ್ಟದ್ದಾಗಿರಲಿಲ್ಲ. ಶಾಲೆಗಳ ವಿಷಯದಲ್ಲಿ ತಾವು ಬೆಂಬಲಿಸಿದ್ದ ವುಲ್ಫ್ ಅವರನ್ನೇ, ಅಧಿಕಾರ ಕಳೆದುಕೊಂಡ ಬಳಿಕ, ಫ್ರೀಮೇಸನ್ ಸಂಘದ ವಿಚಾರಣೆಗಾಗಿ ರಚಿತವಾದ ಸಮಿತಿಯ ಮುಂದೆ ಬರುವಂತೆ ಅವರು ಒತ್ತಾಯಿಸಿದರು. ಸಾಕ್ಷಿಗಳು ಉತ್ತರಿಸಲು ನಿರಾಕರಿಸಿದರು. ವಿಚಾರಣೆ ನಗೆಪಾಟಲಾಗಿ ಮುಗಿಯಿತು. ೧೮೩೬ರ ಚುನಾವಣೆಯಲ್ಲಿ ಸ್ಟೀವನ್ಸ್ ಸೋತರು. ತಮ್ಮ ಪಕ್ಷದ ರಾಜ್ಯಪಾಲ ಜೋಸೆಫ್ ರಿಟ್ನರ್ ಅವರ ಕಾಲದಲ್ಲಿ ಸ್ಟೀವನ್ಸ್ ಬೆಂಬಲಿಸಿದ ರೈಲುಮಾರ್ಗವೊಂದು ಅವರದೇ ಕಬ್ಬಿಣದ ಉದ್ಯಮಕ್ಕೆ ಅನುಕೂಲವಾಗುವಂತೆ ಸುತ್ತಿ ಬಳಸಿ ಸಾಗುತ್ತದೆಯೆಂದು ವಿರೋಧಿಗಳು ಆರೋಪಿಸಿದರು. ಅದನ್ನು ಹೊಟ್ಟೆಯ ಲಾಡಿಹುಳುವಿಗೆ ಹೋಲಿಸಿ ಗೇಲಿ ಮಾಡಿದರು. ರಿಟ್ನರ್ ಅಧಿಕಾರದಿಂದ ಇಳಿದ ಮೇಲೆ ಕಾಮಗಾರಿ ನಿಂತುಹೋಯಿತು.

೧೮೩೭–೩೮ರಲ್ಲಿ ರಾಜ್ಯದ ಸಂವಿಧಾನವನ್ನು ಪರಿಷ್ಕರಿಸುವ ಸಮ್ಮೇಳನಕ್ಕೆ ಸ್ಟೀವನ್ಸ್ ಪ್ರತಿನಿಧಿಯಾಗಿ ಆಯ್ಕೆಯಾದರು. ಆವರೆಗೆ ಪೆನ್ಸಿಲ್ವೇನಿಯಾದ ಸಂವಿಧಾನ ಮತದಾರನ ಮೈಬಣ್ಣವನ್ನು ಹೆಸರಿಸಿರಲಿಲ್ಲ. ಸಮ್ಮೇಳನವು ಮತದಾನದ ಹಕ್ಕನ್ನು ಬಿಳಿಯರಿಗೆ ಮಾತ್ರ ಸೀಮಿತಗೊಳಿಸಿತು. ಇದನ್ನು ಪ್ರತಿಭಟಿಸಿದ ಸ್ಟೀವನ್ಸ್ ಸಿದ್ಧವಾದ ಸಂವಿಧಾನಕ್ಕೆ ಸಹಿ ಹಾಕಲು ನಿರಾಕರಿಸಿದರು.

೧೮೩೮ರ ಚುನಾವಣೆಯ ಫಲಿತಾಂಶದ ಬಗ್ಗೆ ತೀವ್ರ ವಿವಾದವೆದ್ದು, ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯಲ್ಲಿ ಎರಡು ಬಣಗಳು ಇಬ್ಬರು ಸಭಾಧ್ಯಕ್ಷರನ್ನು ಆರಿಸಿಕೊಂಡವು. ಉದ್ರಿಕ್ತ ಗುಂಪು ಸೆನೆಟ್ ಸಭಾಂಗಣಕ್ಕೆ ನುಗ್ಗಿದಾಗ ಸ್ಟೀವನ್ಸ್ ಸಂಗಡಿಗರೊಡನೆ ಕಿಟಕಿಯಿಂದ ಇಳಿದು ಪಾರಾಗಬೇಕಾಯಿತು. ರಾಜ್ಯಪಾಲರು ಸೇನೆಯನ್ನು ಕರೆಸಿದರು. ಬಕ್‌ಶಾಟ್ ಯುದ್ಧವೆಂಬ ಹೆಸರು ಪಡೆದ ಈ ಘಟನೆ ರಕ್ತಪಾತವಿಲ್ಲದೆ ಮುಗಿದು, ಡೆಮಾಕ್ರಟಿಕ್ ಪಕ್ಷ ಸಭೆಯ ಮೇಲೆ ಹಿಡಿತ ಸಾಧಿಸಿತು. ಸ್ಟೀವನ್ಸರ ಸ್ಥಾನ ತೆರವಾಗಿದೆಯೆಂದು ಸಭೆ ಘೋಷಿಸಿತಾದರೂ ಕ್ಷೇತ್ರದ ಜನ ಅವರನ್ನೇ ಮತ್ತೆ ಆರಿಸಿ ಕಳುಹಿಸಿದರು. ೧೮೪೨ರ ಹೊತ್ತಿಗೆ ಅವರ ರಾಜ್ಯ ಶಾಸನಸಭೆಯ ಅಧ್ಯಾಯ ಮುಗಿಯಿತು.

ಲ್ಯಾಂಕಾಸ್ಟರ್

ಸಾಲ ತೀರಿಸಲು ಹೆಚ್ಚಿನ ಸಂಪಾದನೆ ಅಗತ್ಯವಾಗಿದ್ದುದರಿಂದ ಸ್ಟೀವನ್ಸ್ ೧೮೪೨ರಲ್ಲಿ ಲ್ಯಾಂಕಾಸ್ಟರ್ ನಗರಕ್ಕೆ ವಾಸ ಬದಲಿಸಿದರು. ಶೀಘ್ರದಲ್ಲಿಯೇ ಅಲ್ಲಿಯ ಅಗ್ರಗಣ್ಯ ವಕೀಲರಲ್ಲಿ ಒಬ್ಬರಾದರು. ಅವರು ವಿವಾಹವಾಗಲಿಲ್ಲ. ಅಣ್ಣತಮ್ಮಂದಿರ ಮಕ್ಕಳಲ್ಲಿ ಇಬ್ಬರನ್ನು ತಮ್ಮ ಬಳಿ ಇರಿಸಿಕೊಂಡು ಬೆಳೆಸಿದರು. ಅವರಲ್ಲಿ ಅಲನ್ಸನ್ ಎಂಬುವರು ೧೮೬೩ರಲ್ಲಿ ಚಿಕಮಾಗಾ ಕದನದಲ್ಲಿ ಮಡಿದರು.

೧೮೪೦ರ ದಶಕದ ಕೊನೆಯಿಂದ ಸ್ಟೀವನ್ಸರ ಮನೆವಾರ್ತೆಯನ್ನು ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ನೋಡಿಕೊಂಡರು. ಮಿಶ್ರವರ್ಣದ ಈ ಮಹಿಳೆ ಇಬ್ಬರು ಗಂಡುಮಕ್ಕಳ ತಾಯಿ. ವ್ಯವಹಾರಜ್ಞಾನವುಳ್ಳ ಆಕೆ ಸ್ವಂತ ಆಸ್ತಿಯನ್ನೂ ಸಂಪಾದಿಸಿದರು. ಕಪ್ಪುವರ್ಣದ ಸೇವಕಿಯರನ್ನು ಬರಿಯ ಹೆಸರಿನಿಂದ ಕೂಗುತ್ತಿದ್ದ ಕಾಲದಲ್ಲಿ ಸ್ಟೀವನ್ಸ್ ಆಕೆಯನ್ನು ಶ್ರೀಮತಿ ಸ್ಮಿತ್ ಎಂದೇ ಸಂಬೋಧಿಸುತ್ತಿದ್ದರು. ಅವರಿಬ್ಬರ ಸಂಬಂಧದ ಬಗ್ಗೆ ವಿರೋಧಿಗಳು ಬಗೆಬಗೆಯ ವದಂತಿಗಳನ್ನು ಹಬ್ಬಿಸಿದರು. ಸ್ಟೀವನ್ಸ್ ಅವುಗಳನ್ನು ಲೆಕ್ಕಿಸಲಿಲ್ಲ. ಇಪ್ಪತ್ತು ವರ್ಷಗಳ ಕಾಲ, ಅವರ ಕೊನೆಯುಸಿರಿನವರೆಗೂ, ಲಿಡಿಯಾ ಸ್ಮಿತ್ ಆ ಮನೆಯಲ್ಲಿದ್ದರು.

೧೮೪೮ರಲ್ಲಿ ವಿಗ್ ಪಕ್ಷದಿಂದ ಸ್ಟೀವನ್ಸ್ ಕಾಂಗ್ರೆಸ್ಸಿಗೆ ಆಯ್ಕೆಯಾದರು. ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಸಾಮಾನ್ಯ ಪ್ರಜೆಗಳೂ ನೆರವಾಗಬೇಕೆಂದು ವಿಧಿಸಿದ ೧೮೫೦ರ ಕಾಯಿದೆಯನ್ನು ಅವರು ಉಗ್ರವಾಗಿ ವಿರೋಧಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಕ್ರಿಸ್ಟಿಯಾನಾ ಗ್ರಾಮದಲ್ಲಿ, ಗುಲಾಮರನ್ನು ಹುಡುಕಿಕೊಂಡು ಬಂದ ಮೇರಿಲ್ಯಾಂಡಿನ ಒಡೆಯ ಎಡ್ವರ್ಡ್ ಗೊರ್ಸಚ್ ಪ್ರತಿರೋಧ ಎದುರಿಸಿ ಹತನಾದನು. ಹಿಡಿಯಲು ನೆರವಾಗದಿದ್ದ ಕ್ಯಾಸ್ಟನರ್ ಹ್ಯಾನ್‌ವೇ ಎಂಬ ಬಿಳಿಯ ಮತ್ತು ಇನ್ನೂ ಹಲವರ ಮೇಲೆ ದೇಶದ್ರೋಹದ ಆರೋಪ ಹೊರಿಸಲಾಯಿತು. ಫಿಲಡೆಲ್ಫಿಯಾದಲ್ಲಿ ನಡೆದ ವಿಚಾರಣೆಯಲ್ಲಿ ಸ್ಟೀವನ್ಸ್ ಆರೋಪಿಗಳ ಪರ ವಕೀಲರಲ್ಲಿ ಒಬ್ಬರಾಗಿದ್ದರು. ಹ್ಯಾನ್‌ವೇ ನಿರ್ದೋಷಿಯೆಂದು ತೀರ್ಮಾನವಾಯಿತು. ಆದರೆ ಇಂತಹ ನಿಲುವುಗಳು ಪಕ್ಷದಲ್ಲಿ ಹಲವರಿಗೆ ಹಿಡಿಸದೆ, ೧೮೫೩ರಲ್ಲಿ ಅವರು ಕಾಂಗ್ರೆಸ್ಸನ್ನು ಬಿಡಬೇಕಾಯಿತು.

ಅಂತರ್ಯುದ್ಧದ ಕಾಲ

ಗುಲಾಮಗಿರಿಯ ವಿಸ್ತರಣೆಯನ್ನು ತಡೆಯಲು ರಿಪಬ್ಲಿಕನ್ ಪಕ್ಷ ಹುಟ್ಟಿಕೊಂಡಾಗ ಸ್ಟೀವನ್ಸ್ ಅದನ್ನು ಸೇರಿದರು. ೧೮೫೮ರಲ್ಲಿ ಮತ್ತೆ ಪ್ರತಿನಿಧಿ ಸಭೆಗೆ ಆಯ್ಕೆಯಾದಾಗ ಅವರಿಗೆ ಅರವತ್ತಾರು ವರ್ಷ. ೧೮೬೧ರಲ್ಲಿ ಅಂತರ್ಯುದ್ಧ ಆರಂಭವಾದಾಗ ತೆರಿಗೆ ಮತ್ತು ಹಣಕಾಸಿನ ಮುಖ್ಯ ಸಮಿತಿಗೆ ಅವರೇ ಅಧ್ಯಕ್ಷರಾದರು. ಸೇನೆಯ ವೆಚ್ಚಕ್ಕೆ ಹಣ ಒದಗಿಸುವುದು, ಹೊಸ ತೆರಿಗೆಗಳು, ೧೮೬೨ರಲ್ಲಿ ಚಿನ್ನದ ಬೆಂಬಲವಿಲ್ಲದ ಕಾಗದದ ಹಣದ ಚಲಾವಣೆ ಮೊದಲಾದ ನಿರ್ಣಾಯಕ ಶಾಸನಗಳು ಅವರ ನೇತೃತ್ವದಲ್ಲಿ ಸಭೆಯ ಅಂಗೀಕಾರ ಪಡೆದವು. ಗುಲಾಮರನ್ನು ಬಿಡುಗಡೆ ಮಾಡಬೇಕು, ಕಪ್ಪುವರ್ಣೀಯರನ್ನು ಸೇನೆಗೆ ಸೇರಿಸಿಕೊಳ್ಳಬೇಕು ಎಂದು ಅವರು ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರನ್ನು ನಿರಂತರವಾಗಿ ಒತ್ತಾಯಿಸಿದರು. ಲಿಂಕನ್ನರ ಎಚ್ಚರಿಕೆಯ ಹೆಜ್ಜೆಗಳು ಅವರಿಗೆ ನಿಧಾನವೆನಿಸುತ್ತಿದ್ದವು.

೧೮೬೩ರ ಜೂನ್ ೨೬ರಂದು ದಕ್ಷಿಣದ ಸೇನಾಪತಿ ಜುಬಲ್ ಅರ್ಲಿ ಗೆಟ್ಟಿಸ್‌ಬರ್ಗಿನ ಕಡೆಗೆ ಸಾಗುತ್ತಿದ್ದಾಗ ಕ್ಯಾಲೆಡೋನಿಯಾದ ಕಬ್ಬಿಣದ ಕಾರ್ಖಾನೆಯನ್ನು ಬೇಕೆಂದೇ ಸುಡಿಸಿದನು. ಅದು ಸ್ಟೀವನ್ಸರದೆಂಬುದೇ ಅದಕ್ಕೆ ಕಾರಣವಾಗಿತ್ತು. ತಮ್ಮ ನಷ್ಟಕ್ಕಿಂತ ಕೆಲಸ ಕಳೆದುಕೊಂಡ ಕಾರ್ಮಿಕರ ಕುಟುಂಬಗಳ ಗತಿಯೇ ಸ್ಟೀವನ್ಸರನ್ನು ಚಿಂತೆಗೀಡುಮಾಡಿತು.

ಗುಲಾಮಗಿರಿಯನ್ನು ದೇಶದಾದ್ಯಂತ ನಿಷೇಧಿಸುವ ಹದಿಮೂರನೆಯ ತಿದ್ದುಪಡಿ ೧೮೬೫ರ ಜನವರಿ ೩೧ರಂದು ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು. ಅದರ ಸಮರ್ಥಕರಲ್ಲಿ ಸ್ಟೀವನ್ಸ್ ಪ್ರಮುಖರಾಗಿದ್ದರು.

ಪುನರ್ನಿರ್ಮಾಣ

೧೮೬೫ರ ಏಪ್ರಿಲಿನಲ್ಲಿ ಲಿಂಕನ್ ಹತ್ಯೆಯಾದ ಬಳಿಕ ಅಧ್ಯಕ್ಷರಾದ ಆಂಡ್ರೂ ಜಾನ್ಸನ್, ಬಂಡೆದ್ದ ದಕ್ಷಿಣದ ರಾಜ್ಯಗಳನ್ನು ಹೆಚ್ಚಿನ ಷರತ್ತುಗಳಿಲ್ಲದೆ ಮತ್ತೆ ಸೇರಿಸಿಕೊಳ್ಳಲು ಮುಂದಾದರು. ಆ ರಾಜ್ಯಗಳು ಬಿಡುಗಡೆ ಹೊಂದಿದವರ ಓಡಾಟವನ್ನೂ ಉದ್ಯೋಗವನ್ನೂ ನಿರ್ಬಂಧಿಸುವ ಕಾನೂನುಗಳನ್ನು ಮಾಡತೊಡಗಿದವು. ಇದನ್ನು ತಡೆಯಲು ಕಾಂಗ್ರೆಸ್ ಉಭಯ ಸದನಗಳ ಹದಿನೈದು ಸದಸ್ಯರ ಸಮಿತಿಯೊಂದನ್ನು ರಚಿಸಿತು. ಪ್ರತಿನಿಧಿ ಸಭೆಯ ಸದಸ್ಯರಿಗೆ ಸ್ಟೀವನ್ಸ್ ಮುಖಂಡರಾಗಿದ್ದರು. ಅಮೆರಿಕದಲ್ಲಿ ಹುಟ್ಟಿದ ಎಲ್ಲರಿಗೂ ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ನೀಡುವ ಹದಿನಾಲ್ಕನೆಯ ತಿದ್ದುಪಡಿ ಈ ಸಮಿತಿಯಲ್ಲಿ ರೂಪುಗೊಂಡು ೧೮೬೬ರ ಜೂನಿನಲ್ಲಿ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯಿತು. ಅದು ಕಪ್ಪುವರ್ಣೀಯರಿಗೆ ಮತದಾನದ ಹಕ್ಕನ್ನು ನೇರವಾಗಿ ಕೊಡದಿದ್ದುದರಿಂದ ಸ್ಟೀವನ್ಸ್ ಅತೃಪ್ತರಾಗಿದ್ದರು. ಆದರೂ ದೇವತೆಗಳ ನಡುವೆಯಲ್ಲದೆ ಮನುಷ್ಯರ ನಡುವೆ ಬದುಕುತ್ತಿರುವುದರಿಂದ ದೊರೆತಷ್ಟನ್ನು ಸ್ವೀಕರಿಸುವುದಾಗಿ ಹೇಳಿ ಬೆಂಬಲಿಸಿದರು.

ಬರಿಯ ಹಕ್ಕುಗಳಿಂದ ಬಿಡುಗಡೆ ಪೂರ್ಣವಾಗದು, ದುಡಿಯುವವನಿಗೆ ಭೂಮಿಯೂ ಬೇಕು ಎಂಬುದು ಅವರ ದೃಢ ನಂಬಿಕೆ. ದಕ್ಷಿಣದ ದೊಡ್ಡ ಜಮೀನುದಾರರ ಭೂಮಿಯನ್ನು ವಶಪಡಿಸಿಕೊಂಡು, ಬಿಡುಗಡೆ ಹೊಂದಿದ ಪ್ರತಿ ವಯಸ್ಕ ಪುರುಷನಿಗೆ ೪೦ ಎಕರೆ ಹಂಚುವ ಯೋಜನೆಯನ್ನು ಅವರು ೧೮೬೫ರ ಸೆಪ್ಟೆಂಬರಿನಲ್ಲಿ ಲ್ಯಾಂಕಾಸ್ಟರಿನ ಭಾಷಣದಲ್ಲಿ ಮಂಡಿಸಿದರು. ಖಾಸಗಿ ಆಸ್ತಿಯ ಮೇಲೆ ಕೈಯಿಡಲು ಅವರ ಪಕ್ಷದವರೇ ಒಪ್ಪದ ಕಾರಣ ಆ ಯೋಜನೆ ಕಾರ್ಯಗತವಾಗಲಿಲ್ಲ. ಭೂಮಿಯಿಲ್ಲದ ಲಕ್ಷಾಂತರ ಜನ ಹಳೆಯ ಒಡೆಯರ ಹೊಲಗಳಲ್ಲಿಯೇ ಗೇಣಿದಾರರಾಗಿ ಸಾಲದಲ್ಲಿ ಮುಳುಗಿದರು.

ಜಾನ್ಸನ್ ಮತ್ತು ಕಾಂಗ್ರೆಸ್ಸಿನ ನಡುವಿನ ಸಂಘರ್ಷ ೧೮೬೮ರ ಫೆಬ್ರವರಿ ೨೪ರಂದು ಮಹಾಭಿಯೋಗದ ಹಂತ ತಲುಪಿತು. ಅಮೆರಿಕದ ಅಧ್ಯಕ್ಷರೊಬ್ಬರ ಮೇಲೆ ಮಹಾಭಿಯೋಗ ನಡೆದದ್ದು ಇದೇ ಮೊದಲು. ಆಗ ಸ್ಟೀವನ್ಸ್ ನಡೆಯಲಾರದಷ್ಟು ಕೃಶರಾಗಿದ್ದರು. ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಸಭಾಂಗಣಕ್ಕೆ ಹೊತ್ತು ತರುತ್ತಿದ್ದರು. ಮೇ ೧೬ರಂದು ಸೆನೆಟ್ಟಿನಲ್ಲಿ ೩೫ ಮಂದಿ ಅಧ್ಯಕ್ಷರ ವಿರುದ್ಧವಾಗಿಯೂ ೧೯ ಮಂದಿ ಪರವಾಗಿಯೂ ಮತ ನೀಡಿದರು. ಅಗತ್ಯವಾದ ಮೂರನೆಯ ಎರಡು ಬಹುಮತಕ್ಕೆ ಒಂದೇ ಮತ ಕಡಿಮೆಯಾಗಿ ಜಾನ್ಸನ್ ಅಧಿಕಾರದಲ್ಲಿ ಉಳಿದರು.

ನಿಧನ ಮತ್ತು ಉಯಿಲು

೧೮೬೮ರ ಆಗಸ್ಟ್ ೧೧ರ ಮಧ್ಯರಾತ್ರಿ ಸ್ಟೀವನ್ಸ್ ವಾಷಿಂಗ್ಟನ್ನಿನ ಮನೆಯಲ್ಲಿ ನಿಧನರಾದರು. ಲಿಡಿಯಾ ಸ್ಮಿತ್, ಸೋದರನ ಮಗ ಥ್ಯಾಡಿಯಸ್ ಮತ್ತು ಕ್ರೈಸ್ತ ಸನ್ಯಾಸಿನಿಯರು ಆಗ ಬಳಿಯಲ್ಲಿದ್ದರು. ಪಾರ್ಥಿವ ಶರೀರವನ್ನು ಕಾಂಗ್ರೆಸ್ ಭವನದ ಗುಮ್ಮಟದ ಅಡಿಯಲ್ಲಿ ಸಾರ್ವಜನಿಕರ ದರ್ಶನಕ್ಕೆ ಇರಿ‌ಸಲಾಯಿತು. ಹೆನ್ರಿ ಕ್ಲೇ ಮತ್ತು ಲಿಂಕನ್ ಅವರ ನಂತರ ಈ ಗೌರವ ಪಡೆದ ಮೂರನೆಯವರು ಅವರು. ಕಪ್ಪುವರ್ಣದ ಸೈನಿಕರು ಕಾವಲು ನಿಂತಿದ್ದರು. ಲ್ಯಾಂಕಾಸ್ಟರಿನ ರಿಪಬ್ಲಿಕನ್ನರು ಗೌರವಾರ್ಥವಾಗಿ, ಮೃತರಾಗಿದ್ದ ಸ್ಟೀವನ್ಸರನ್ನೇ ಮುಂದಿನ ಚುನಾವಣೆಗೆ ತಮ್ಮ ಅಭ್ಯರ್ಥಿಯೆಂದು ಸೂಚಿಸಿದರು.

ಲ್ಯಾಂಕಾಸ್ಟರಿನ ದೊಡ್ಡ ಸ್ಮಶಾನಗಳಲ್ಲಿ ಕಪ್ಪುವರ್ಣೀಯರಿಗೆ ಅವಕಾಶವಿರಲಿಲ್ಲ. ಆದ್ದರಿಂದ ಅಂತಹ ನಿರ್ಬಂಧವಿಲ್ಲದ ಶ್ರೈನರ್ ಸ್ಮಶಾನವೆಂಬ ಸಣ್ಣ ಸ್ಥಳವನ್ನು ಸ್ಟೀವನ್ಸ್ ತಾವೇ ಆರಿಸಿಕೊಂಡಿದ್ದರು. ಬದುಕಿನಲ್ಲಿ ಸಾರಿದ ಸಮಾನತೆಯ ತತ್ತ್ವವನ್ನು ಸಾವಿನಲ್ಲಿಯೂ ತೋರಿಸುವುದಕ್ಕಾಗಿ ಈ ಆಯ್ಕೆಯನ್ನು ಮಾಡಿಕೊಂಡುದಾಗಿ ಅವರೇ ಬರೆದಿಟ್ಟ ಸಮಾಧಿ ಲೇಖ ತಿಳಿಸುತ್ತದೆ.

ಉಯಿಲಿನಲ್ಲಿ ಅವರು ಪೀಚಮಿನಲ್ಲಿದ್ದ ತಾಯಿಯ ಸಮಾಧಿಯ ಆರೈಕೆಗೂ, ಅಲ್ಲಿ ಗುಲಾಬಿ ಗಿಡಗಳನ್ನು ನೆಡಿಸುವುದಕ್ಕೂ ಹಣ ಮೀಸಲಿಟ್ಟಿದ್ದರು. ಲಿಡಿಯಾ ಸ್ಮಿತ್ ಅವರಿಗೂ ಹಣ ಸಲ್ಲುವಂತೆ ಏರ್ಪಡಿಸಿದ್ದರು. ಅನಾಥ ಮಕ್ಕಳಿಗೆ ಆಶ್ರಯವನ್ನೂ ಶಿಕ್ಷಣವನ್ನೂ ಕೊಡುವ ಸಂಸ್ಥೆಯೊಂದನ್ನು ಸ್ಥಾಪಿಸಬೇಕು, ಅಲ್ಲಿ ಜನಾಂಗ ಅಥವಾ ಬಣ್ಣದ ಭೇದವಿರದೆ ಮಕ್ಕಳೆಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು ಎಂಬ ಅಂಶವೂ ಅದರಲ್ಲಿತ್ತು. ದೀರ್ಘಕಾಲದ ವ್ಯಾಜ್ಯದ ಬಳಿಕ ೧೯೦೫ರಲ್ಲಿ ಲ್ಯಾಂಕಾಸ್ಟರಿನಲ್ಲಿ ಅವರ ಹೆಸರಿನ ಕೈಗಾರಿಕಾ ಶಾಲೆ ಸ್ಥಾಪನೆಯಾಯಿತು. ಅದು ಈಗ ಥ್ಯಾಡಿಯಸ್ ಸ್ಟೀವನ್ಸ್ ತಾಂತ್ರಿಕ ಕಾಲೇಜೆಂದು ಪ್ರಸಿದ್ಧವಾಗಿದೆ.

ಮೌಲ್ಯಮಾಪನ

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅನೇಕ ಇತಿಹಾಸಕಾರರು ಸ್ಟೀವನ್ಸರನ್ನು ದಕ್ಷಿಣದ ಮೇಲೆ ಸೇಡು ತೀರಿಸಿಕೊಂಡ ಕ್ರೂರಿಯೆಂದು ಚಿತ್ರಿಸಿದರು. ೧೯೧೫ರಲ್ಲಿ ತೆರೆಕಂಡ ದಿ ಬರ್ತ್ ಆಫ್ ಎ ನೇಷನ್ ಎಂಬ ಮೂಕಿ ಚಿತ್ರದ ದುಷ್ಟ ರಾಜಕಾರಣಿಯ ಪಾತ್ರಕ್ಕೆ ಅವರೇ ಮಾದರಿ. ಪೌರಹಕ್ಕುಗಳ ಚಳವಳಿ ಬೆಳೆದಂತೆ ಈ ಚಿತ್ರಣ ಬದಲಾಯಿತು. ಫಾನ್ ಬ್ರೋಡಿ ೧೯೫೯ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಅವರನ್ನು ಹೊಸ ದೃಷ್ಟಿಯಿಂದ ಪರಿಶೀಲಿಸಿತು. ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ಲಿಂಕನ್ (೨೦೧೨) ಚಿತ್ರದಲ್ಲಿ ಟಾಮಿ ಲೀ ಜೋನ್ಸ್ ಸ್ಟೀವನ್ಸರ ಪಾತ್ರವನ್ನು ನಿರ್ವಹಿಸಿದ್ದಾರೆ.

ಅವರ ಕಟುವಾದ ನಾಲಿಗೆ, ಪಕ್ಷರಾಜಕೀಯದಲ್ಲಿ ತೋರಿದ ಹಟ ಮತ್ತು ಸ್ವಂತ ಉದ್ಯಮದ ಹಿತಾಸಕ್ತಿಯನ್ನು ಅವರ ಅಭಿಮಾನಿಗಳೂ ಅಲ್ಲಗಳೆಯುವುದಿಲ್ಲ. ಆದರೆ ಅವರು ಕಾಪಾಡಿದ ಮತ್ತು ಕಟ್ಟಿದ ಶಾಸನಗಳು ಅವರ ಕಾಲವನ್ನು ದಾಟಿ ಉಳಿದವು. ಬಡವರ ಮಕ್ಕಳನ್ನು ಬೇರ್ಪಡಿಸಬಾರದೆಂದು ಅವರು ೧೮೩೫ರಲ್ಲಿ ಹ್ಯಾರಿಸ್‌ಬರ್ಗಿನಲ್ಲಿ ವಾದಿಸಿದ್ದರು. ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೫೪ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆ ತೀರ್ಪಿಗೆ ಆಧಾರವಾದದ್ದು ಹದಿನಾಲ್ಕನೆಯ ತಿದ್ದುಪಡಿಯ ಸಮಾನ ರಕ್ಷಣೆಯ ವಿಧಿ.